ಒಂದೇ ವಿಮಾನ, ಎರಡು ನಂಬರು

ಸೆಪ್ಟೆಂಬರ್ 12, ಶುಕ್ರವಾರ ಮಧ್ಯಾಹ್ನ

ತಮ್ಮನ ಹೆಂಡತಿಯಾಗಿ ಬಂದು ನನಗೆ ತಂಗಿಯೇ ಆದವಳೇ,

ನಿನ್ನ ಮಗಳು ನಿನ್ನೆ ನಮ್ಮ ವಿಚಾರಣೆ ಕೌಂಟರಿಗೆ ಕೆಲಸಕ್ಕೆ ಸೇರಿದಳು. ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು ಅವಳು ಓಡಾಡುವುದನ್ನು ನೀನು ನೋಡಬೇಕಿತ್ತು, ವಿಮಾನ ನಿಲ್ದಾಣವನ್ನೇ ಕೊಂಡುಕೊಂಡವಳ ಹಾಗೆ. ನಡಿಗೆ ಥೇಟ್ ಅವಳಪ್ಪನದು. ಸೋಮವಾರ ಅವಳಿಗೆ ವಿಮಾನದ ನಂಬರು ಓದುವ ಪಾಠ ಹೇಳಬೇಕಾದವಳು ನಾನೇ. ಪಾಠ ಕೇಳಿದರೆ ಅವಳಿಗೆ ಎಲ್ಲ ಗೊತ್ತಾಗಿಬಿಡುತ್ತದೆ. ಅದಕ್ಕೆ ಮೊದಲು ನಿನಗೆ ಗೊತ್ತಾಗಲಿ ಎಂದು ಈ ಕಾಗದ.

ಪಾಠವೇನೋ ಸುಲಭ. ಮೊದಲ ಎರಡು ಅಕ್ಷರ ಕಂಪನಿಯ ಗುರುತು, ಆಮೇಲಿನ ಅಂಕಿ ಆ ಪ್ರಯಾಣದ್ದು. ಆದರೆ ಎರಡು ಕಂಪನಿಗಳು ಒಪ್ಪಂದ ಮಾಡಿಕೊಂಡು ಒಂದೇ ವಿಮಾನದ ಸೀಟುಗಳನ್ನು ತಮ್ಮ ತಮ್ಮ ಗುರುತಿನಲ್ಲಿ ಮಾರುವುದುಂಟು. ಆಗ ಒಂದೇ ವಿಮಾನಕ್ಕೆ ಎರಡು ನಂಬರು.

ಹದಿನಾಲ್ಕು ವರ್ಷದ ಹಿಂದೆ, ವಿಮಾನ ಬಿದ್ದ ಸುದ್ದಿ ಟಿ.ವಿ.ಯಲ್ಲಿ ಬಂದ ಕೂಡಲೇ ನೀನು ನನಗೆ ಫೋನ್ ಮಾಡಿದೆ. ಆವತ್ತು ಊರಿಗೆ ಬರಬೇಕಿದ್ದ ನನ್ನ ತಮ್ಮ ಕಳಿಸಿದ್ದ ಟಿಕೆಟ್ಟಿನ ಪ್ರತಿ ನೋಡಿ ನಂಬರು ಓದಿದೆ. ಟಿ.ವಿ.ಯವರು ಹೇಳಿದ್ದು ಕೆಂಪು ಬಾಲದ ಕಂಪನಿಯ ನಂಬರು, ನಿನ್ನ ಕೈಯಲ್ಲಿದ್ದದ್ದು ನೀಲಿ ಬಾಲದವರದು. ಅದು ಬೇರೆ ವಿಮಾನ ಕಣೇ, ಸುಮ್ನೆ ಗಾಬರಿ ಆಗ್ಬೇಡ ಅಂದೆ ನಾನು. ಜೀವ ಬಾಯಿಗೆ ಬಂದಿತ್ತು ಅಕ್ಕ, ಅವರು ಬರ್ಲಿ, ಚೆನ್ನಾಗಿ ಬೈತೀನಿ ಅಂತ ನಕ್ಕೆ ನೀನು. ಆರು ವರ್ಷದ ಮಗಳಿಗೆ ಹೊಸ ಅಂಗಿ ತೊಡಿಸಿ ಆಗಮನದ ಬಾಗಿಲಿಗೆ ಕರೆತಂದೆ. ಮೂರು ಗಂಟೆ ಅವಳು ಕಂಬಿ ಹಿಡಿದು ನಿಂತಿದ್ದಳು.

ಎರಡನೇ ನಂಬರಿನ ವಿಷಯ ಆ ಗಳಿಗೆಯಲ್ಲಿ ನನಗೆ ಹೊಳೆಯಲೇ ಇಲ್ಲ. ನಿಲ್ದಾಣಕ್ಕೇ ತಪ್ಪು ಮಾಹಿತಿ ಬಂದಿತ್ತು ಎಂದು ಆಮೇಲೆ ಹೇಳಿದೆ. ನೀನು ನಂಬಿದೆ. ಕ್ಷಮಿಸು ಎನ್ನಲೂ ನನಗೆ ನಾಚಿಕೆಯಾಗುತ್ತದೆ.

ಆ ಎರಡೂ ನಂಬರುಗಳನ್ನು ಕಂಪನಿಗಳು ಆವತ್ತೇ ಕೈಬಿಟ್ಟವು. ಆದರೂ ಆಗಮನದ ಬೋರ್ಡಿನಲ್ಲಿ ಸಾಲುಗಳು ಬದಲಾಗುವಾಗ, ಖಾಲಿ ಸಾಲಿನಲ್ಲಿ ಅವೇ ಕಾಣಿಸುತ್ತವೆ. ಮುಂದೆ ‘ತಡವಾಗಿದೆ’ ಎಂದಿರುತ್ತದೆ. ನಿನ್ನೆ ನಿನ್ನ ಮಗಳು ನನ್ನ ಭುಜ ಮುಟ್ಟಿ, ಅತ್ತೆ, ಯಾರ ಜೊತೆ ಮಾತಾಡ್ತಿದ್ದೀಯ ಅಂತ ಕೇಳಿದಳು. ನನ್ನ ತುಟಿ ಆ ನಂಬರು ಹೇಳುತ್ತಿತ್ತು.

ಪಾಠ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ. ನಾನು ಹೇಳಬಾರದು ಎಂದು ನಿನಗೆ ಅನಿಸಿದರೆ ತಿಳಿಸು, ಬೇರೆಯವರು ಹೇಳುತ್ತಾರೆ.

ಇಂತಿ,
ಇಷ್ಟು ವರ್ಷ ನೀನು ಅಕ್ಕ ಎಂದು ಕರೆದವಳು

ತಾಜಾಕಲಂ: ಹೊಳೆಯಲಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ನಿನ್ನ ಫೋನ್ ಬರುವ ಅರ್ಧ ಗಂಟೆ ಮೊದಲು, ಆ ವಿಮಾನ ತಡವಾಗಿದೆ ಎಂದು ಮೈಕಿನಲ್ಲಿ ಹೇಳಿದವಳು ನಾನೇ, ಎರಡೂ ನಂಬರು ಒಂದೇ ಉಸಿರಿನಲ್ಲಿ. ನೀನು ನಂಬರು ಓದಿದಾಗಲೇ ನನ್ನ ತಮ್ಮ ಇಲ್ಲ ಎಂದು ಗೊತ್ತಾಯಿತು. ಹೇಳಲು ಬಾಯಿ ಬರಲಿಲ್ಲ. ಆ ಮೂರು ಗಂಟೆಯೂ ನಾನು ಕೌಂಟರಿನಲ್ಲೇ ಇದ್ದೆ. ನಿನ್ನ ಮಗಳು ಕಂಬಿಯ ಹತ್ತಿರದಿಂದ ಕೈ ಬೀಸಿದಳು. ನಾನೂ ಬೀಸಿದೆ.