ಮುಂದಿನ ವರ್ಷದ ಅಳತೆ

ಏಪ್ರಿಲ್ 13, ಭಾನುವಾರ

ಬೆಳಗ್ಗೆ ಎರಡು ಲಂಗ ಮುಗಿಸಿದೆ. ಬ್ಲೌಸ್ ಒಂದು ಬಾಕಿ, ಹುಕ್ಸ್ ಹಾಕಬೇಕು. ಪೇಪರ್ ಹತ್ತರ ಬಸ್ಸಿಗೆ ಬಂತು. ಮಧ್ಯದ ಹಾಳೆ ಇಲ್ಲ. ಕಂಡಕ್ಟರ್ ಓದುತ್ತಿದ್ದನೋ ಏನೋ.

ಮಧ್ಯಾಹ್ನ ಚನ್ನಗಿರಿಗೆ ಹೋಗಿ ಮೇಘಶ್ರೀಗೆ ಸೈಕಲ್ ತಂದದ್ದಾಯಿತು. ನಮ್ಮೂರ ಶಾಲೆ ಐದನೇ ಕ್ಲಾಸಿಗೇ ಮುಗಿಯುತ್ತದೆ. ಆರನೇ ಕ್ಲಾಸಿಗೆ ಕೆರೆಬಿಳಚಿ. ನಾಲ್ಕು ಕಿಲೋಮೀಟರ್. ಶಾಲೆಯ ಹೊತ್ತಿಗೆ ಬಸ್ ಇಲ್ಲ. ಇವರದು ಒಂದೇ ಮಾತು: ಮಗಳನ್ನು ಹೊನ್ನಾಳಿಯಲ್ಲಿ ತಮ್ಮ ಅಕ್ಕನ ಮನೆಯಲ್ಲಿಟ್ಟು ಓದಿಸೋಣ. ನಾನು ಒಪ್ಪಲಿಲ್ಲ. ಹನ್ನೊಂದು ವರ್ಷದ ಮಗು. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಶಾಲೆ ಶುರುವಾಗುವ ಮೊದಲು ಅವಳು ಒಬ್ಬಳೇ ಕೆರೆಬಿಳಚಿಗೆ ಸೈಕಲ್ಲಿನಲ್ಲಿ ಹೋಗಿ ಬರಬೇಕು. ಆಗದಿದ್ದರೆ ಹೊನ್ನಾಳಿ.

ಅವಳನ್ನೂ ಕೇಳಿದೆ. “ಇಲ್ಲೇ” ಎಂದಳು. ಅಷ್ಟೇ.

ಅಂಗಡಿಯಲ್ಲಿ ಒಂದು ವಿಚಿತ್ರ. ಅಂಗಿಗೆ ಎದೆ ಅಳತೆ, ಪ್ಯಾಂಟಿಗೆ ಸೊಂಟ, ಚಪ್ಪಲಿಗೆ ಪಾದ. ಸೈಕಲ್ಲಿಗೆ ಮಾತ್ರ ಚಕ್ರದ ಅಳತೆ — ಹದಿನಾರು, ಇಪ್ಪತ್ತು, ಇಪ್ಪತ್ತನಾಲ್ಕು. ಏರುವವರನ್ನು ಯಾರೂ ಅಳೆಯುವುದಿಲ್ಲ. ಅಂಗಡಿಯ ಹುಡುಗ ಎಷ್ಟನೇ ಕ್ಲಾಸು ಎಂದು ಕೇಳಿ ಇಪ್ಪತ್ತು ಇಂಚಿನದು ಮುಂದಿಟ್ಟ. ಅವಳನ್ನು ಕೂರಿಸಿ ನೋಡಿದರೆ ಸರಿಯಾಗಿತ್ತು. ಅದೇ ಬೇಡವೆನಿಸಿತು. ಈಗ ಸರಿಯಾದದ್ದು ಬರುವ ವರ್ಷ ಚಿಕ್ಕದಾಗುತ್ತದೆ. ಯೂನಿಫಾರಂ ಹೊಲಿಯುವಾಗ ಲಂಗದ ಅಂಚಿನಲ್ಲಿ ಎರಡು ಇಂಚು ಒಳಗೆ ಮಡಿಸಿಡುವವಳು ನಾನು. ಊರಿಗೇ ಹಾಗೆ ಹೊಲಿದುಕೊಟ್ಟಿದ್ದೇನೆ. ಇಪ್ಪತ್ತನಾಲ್ಕರದ್ದೇ ತೆಗೆದುಕೊಂಡೆ. ನೇರಳೆ ಬಣ್ಣ, ಮುಂದೆ ಸ್ಪ್ರಿಂಗು, ಹಿಂದೆ ಕ್ಯಾರಿಯರ್. ಸೀಟು ಪೂರ್ತಿ ಕೆಳಗಿಳಿಸಿಕೊಟ್ಟ.

ಏಪ್ರಿಲ್ 16

ಇವರು ಹಿಂದಿನಿಂದ ಸೀಟು ಹಿಡಿದು ಓಡುತ್ತಾರೆ. ಲಾರಿ ಬಾಡಿಗೆ ಇಲ್ಲದ ದಿನ ಮಾತ್ರ. ಮೇಘಶ್ರೀಗೆ ಪೆಡಲ್ ಕೆಳಗೆ ಹೋದಾಗ ಬೆರಳ ತುದಿಗಷ್ಟೇ ಸಿಗುತ್ತದೆ. ಹಳೆಯ ಹವಾಯಿ ಚಪ್ಪಲಿ ಕತ್ತರಿಸಿ ಪೆಡಲ್ಲಿಗೆ ಎರಡೆರಡು ಪದರ ಕಟ್ಟಿದೆ. ಗಟ್ಟಿ ದಾರ, ಡಬಲ್ ಹೊಲಿಗೆ. ಚೆನ್ನಾಗಿಯೇ ಬಂತು.

ಎದುರು ಮನೆಯ ಮಹೇಶ್ವರಪ್ಪನವರು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. “ಸೈಕಲ್ಲು ಚಲೋ ಐತಿ ಕಣವ್ವ, ಕಾಲು ಯಾವಾಗ ತರ್ತೀ?” ಎಂದು ಅವಳನ್ನು ಕೇಳಿದರು. ಎಲ್ಲರೂ ನಕ್ಕರು. ಅವಳೂ ನಕ್ಕಳು.

ಏಪ್ರಿಲ್ 20

ಬಿದ್ದಳು. ಹಾಲಿನ ಡೇರಿ ತಿರುವಿನಲ್ಲಿ. ಎದುರಿಗೆ ಟ್ರ್ಯಾಕ್ಟರ್ ಬಂತು, ಬ್ರೇಕ್ ಹಿಡಿದಳು, ಸೈಕಲ್ ನಿಂತಿತು — ಕಾಲು ನೆಲಕ್ಕೆ ಎಟುಕಲಿಲ್ಲ. ನಿಂತ ಜಾಗದಲ್ಲೇ ವಾಲಿ, ಸೈಕಲ್ ಮೇಲೆ, ಇವಳು ಕೆಳಗೆ. ಮೊಣಕೈ ಚರ್ಮ ಹೋಗಿದೆ. ಗಲ್ಲಕ್ಕೆ ಎರಡು ಹೊಲಿಗೆ. ಹೊಲಿಗೆ ಹಾಕುವಾಗ ನಾನು ಆಚೆ ನೋಡುತ್ತಾ ನಿಂತೆ. ದಿನವಿಡೀ ಸೂಜಿ ಹಿಡಿಯುವವಳು.

ಓಡುತ್ತಿದ್ದಾಗ ಬೀಳಲಿಲ್ಲ, ನಿಂತಾಗ ಬಿದ್ದಳು. ಅದು ತಲೆಯಲ್ಲಿ ಕೂತಿದೆ.

ಮೇ 2

ಬಹಳ ದಿನ ಬರೆದಿಲ್ಲ. ಸೈಕಲ್ ಹಜಾರದ ಮೂಲೆಯಲ್ಲಿದೆ, ಮೇಲೆ ಹಳೆ ಸೀರೆ. ಅವಳು ಆ ಕಡೆ ಹೋಗುವುದಿಲ್ಲ. ಹೊನ್ನಾಳಿಯಿಂದ ಅತ್ತಿಗೆ ಸರ್ವಮಂಗಳಮ್ಮ ಫೋನ್ ಮಾಡಿದ್ದರು. ಅಲ್ಲಿನ ಶಾಲೆಯಲ್ಲಿ ವಿಚಾರಿಸಿದ್ದಾರಂತೆ, ಸೀಟು ಇದೆಯಂತೆ. ಇವರು “ಆಯ್ತಕ್ಕ, ಆಯ್ತಕ್ಕ” ಎಂದರು. ನನ್ನ ಕಡೆ ನೋಡಲಿಲ್ಲ.

ಸಂಜೆ ಮೇಘಶ್ರೀ ಹತ್ತಿರ ಕೂತು ಬಟನ್ ವಿಂಗಡಿಸುತ್ತಿದ್ದಳು. ಸೈಕಲ್ ಹತ್ತದಿದ್ದರೆ ಹೊನ್ನಾಳಿಗೆ ಹೋಗಬೇಕಾಗುತ್ತದೆ, ಗೊತ್ತಲ್ಲ ಎಂದೆ. ಗೊತ್ತು ಎಂದಳು. ಹೆದರಬೇಡ, ಇನ್ನೊಂದು ವರ್ಷದಲ್ಲಿ ಬೆಳೆಯುತ್ತೀಯ, ಆಗ ಸರಿಹೋಗುತ್ತದೆ ಎಂದೆ.

ತಲೆ ಎತ್ತದೆ ಕೇಳಿದಳು. “ನಾನು ಬೆಳೆಯಾತನಕ ಬೀಳ್ತಾನೇ ಇರ್ಲೇನಮ್ಮ?”

ಸಿಟ್ಟಿನಿಂದ ಕೇಳಿದ್ದಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದು.

ಆಮೇಲೆ ಅವಳ ಬಟ್ಟೆಗಳ ಟ್ರಂಕ್ ತೆಗೆದೆ. ಎಲ್ಲವೂ ನಾನೇ ಹೊಲಿದದ್ದು. ಹೊಸದಾಗಿದ್ದಾಗ ಯಾವುದೂ ಅವಳಿಗೆ ಸರಿಯಾಗಿ ಕೂತಿರಲಿಲ್ಲ. ಸರಿಯಾಗಿ ಕೂರುವ ಹೊತ್ತಿಗೆ ಬಣ್ಣ ಹೋಗಿರುತ್ತಿತ್ತು.

ಮೇ 3

ಟೇಪ್ ತೆಗೆದುಕೊಂಡು ಕೂತೆ. ಮೊದಲು ಮಗು. ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ, ಕಾಲ ಸಂದಿಯಿಂದ ನೆಲದವರೆಗೆ ಅಳೆದೆ: ಇಪ್ಪತ್ತಮೂರು ಇಂಚು. ಆಮೇಲೆ ಸೈಕಲ್. ಸೀಟು ಪೂರ್ತಿ ಇಳಿಸಿದ ಮೇಲೂ ನೆಲದಿಂದ ಇಪ್ಪತ್ತೇಳೂವರೆ. ಇಷ್ಟು ನೋಡಲು ಎರಡು ನಿಮಿಷ ಸಾಕಿತ್ತು. ಟೇಪ್ ಯಾವಾಗಲೂ ಕೊರಳಲ್ಲೇ ಇರುತ್ತದೆ. ಅಂಗಡಿಗೂ ಹಾಗೇ ಹೋಗಿದ್ದೆ ಅನಿಸುತ್ತದೆ.

ಕುತೂಹಲ ಬಿಡಲಿಲ್ಲ. ಮಹೇಶ್ವರಪ್ಪನವರ ಶೆಡ್ಡಿನಲ್ಲಿ ಮೆಕ್ಕೆಜೋಳದ ಚೀಲ ತೂಗುವ ಮಿಷನ್ ಇದೆ. ಸೈಕಲ್ ಹತ್ತಿಸಿದೆವು: ಹದಿನೇಳು ಕೆ.ಜಿ. ಮಗಳನ್ನು ಹತ್ತಿಸಿದೆವು: ಇಪ್ಪತ್ತಾರು. ನಾನು ಐವತ್ತೆರಡು. ಆ ಲೆಕ್ಕದಲ್ಲಿ ನನಗೆ ಮೂವತ್ತನಾಲ್ಕು ಕೆ.ಜಿ.ಯ ಸೈಕಲ್ ಕೊಟ್ಟು ಓಡಿಸು ಎಂದಂತೆ. ಆ ಸ್ಪ್ರಿಂಗು, ದಪ್ಪ ಪೈಪು, ಸ್ಟ್ಯಾಂಡು — ಎಲ್ಲ ತೂಕ. ನೋಡಲು ಗಟ್ಟಿ ಎನಿಸಿದ್ದು ಅದೇ.

ಬ್ರೇಕೂ ನೋಡಿದೆ. ಹ್ಯಾಂಡಲ್ ಹಿಡಿದಾಗ ಅವಳ ಬೆರಳು ಬ್ರೇಕಿನ ಹಿಡಿಗೆ ಎಟುಕುವುದಿಲ್ಲ. ಕೈ ಬಿಟ್ಟು ಮುಂದೆ ಚಾಚಬೇಕು. ಅಂದರೆ ಬ್ರೇಕ್ ಹಿಡಿಯುವಾಗಲೆಲ್ಲ ಹ್ಯಾಂಡಲ್ ಅರ್ಧ ಬಿಟ್ಟಂತೆ.

ಇವರಿಗೆ ಹೇಳಿದೆ. “ಮಗೂನ ಜೋಳದ ಮಿಷನ್ ಮೇಲೆ ನಿಲ್ಸಿದ್ಯಾ?” ಎಂದರು.

ಮೇ 5

ಸಂತೇಬೆನ್ನೂರಿಗೆ ಹೋದೆವು, ಸೈಕಲ್ ಬಸ್ಸಿನ ಮೇಲೆ. ಅಲ್ಲಿ ದುರುಗಣ್ಣನ ಸೈಕಲ್ ಶಾಪ್, ಹಳೆಯದು ಕೊಟ್ಟು ಬೇರೆ ತೆಗೆದುಕೊಳ್ಳಬಹುದು. ಹೊಸ ಸೈಕಲ್ ನೋಡಿ ಕದ್ದದ್ದೇ ಎಂಬಂತೆ ನೋಡಿದ. ಇಪ್ಪತ್ತರದ್ದು ಬೇಕು ಎಂದೆ. ಅವನಿಗೆ ಹಿಡಿಸಲಿಲ್ಲ.

“ದೊಡ್ಡದು ಕೊಟ್ಟು ಸಣ್ಣದು ಒಯ್ಯೋರ್ನ ನಾನಿನ್ನೂ ಕಂಡಿಲ್ಲ ಬಿಡ್ರಿ. ಎಲ್ಡು ವರ್ಷಕ್ಕೆ ವಾಪಸ್ ತರ್ತೀರಿ.”

“ತರ್ತೀನಿ” ಎಂದೆ.

ಒಳಗೆ ಹುಡುಕಿ ಒಂದು ನೀಲಿ ಸೈಕಲ್ ತೆಗೆದ. ಯಾರದೋ ಮಗ ಬೆಳೆದು ಬಿಟ್ಟದ್ದು. ಬಣ್ಣ ಅಲ್ಲಲ್ಲಿ ಹೋಗಿದೆ. ಸ್ಪ್ರಿಂಗ್ ಇಲ್ಲ. ಪೇಪರಿನ ಭಾನುವಾರದ ಪುಟದಲ್ಲಿ ಹಿಂದೊಮ್ಮೆ ಓದಿದ್ದು ನೆನಪಿತ್ತು — ಚಕ್ರ ಎತ್ತಿ ತಿರುಗಿಸಿ ನೋಡಬೇಕು, ಅಲುಗಬಾರದು. ತಿರುಗಿಸಿದೆ. ಬಹಳ ಹೊತ್ತು ತಿರುಗಿತು, ಸದ್ದಿಲ್ಲ. ಪೆಡಲ್ ತೋಳು ಹಿಡಿದು ಅಲ್ಲಾಡಿಸಿದೆ, ಗಟ್ಟಿ. ಸೀಟಿನ ಪೈಪು ಉದ್ದ ಇದೆ, ಇಪ್ಪತ್ತೆರಡರಿಂದ ಇಪ್ಪತ್ತೆಂಟು ಇಂಚಿನವರೆಗೆ ಏರಿಸಬಹುದು. ಬೆಳೆಯಲು ಜಾಗ ಇಲ್ಲಿಯೂ ಇದೆ. ಆದರೆ ಇಂದಿನಿಂದ ಶುರುವಾಗುತ್ತದೆ.

ಬ್ರೇಕಿನ ಹಿಡಿ ಹತ್ತಿರ ಮಾಡಿಕೊಡಿ ಎಂದಾಗ ಆಗಲ್ಲ ಎಂದ. ಹಿಡಿಯ ಬುಡದಲ್ಲಿ ಒಂದು ಸಣ್ಣ ಸ್ಕ್ರೂ ಇತ್ತು. ಇದೇನು ಎಂದೆ. ಅವನಿಗೂ ಗೊತ್ತಿರಲಿಲ್ಲ. ತಿರುಗಿಸಿದ — ಹಿಡಿ ಒಳಗೆ ಬಂತು. ಇಬ್ಬರೂ ಹೊರಗೆ, ಒಳಗೆ, ಮತ್ತೆ ಹೊರಗೆ ತಿರುಗಿಸಿ ನೋಡಿದೆವು. “ಇಷ್ಟು ದಿನ ಇದ್ನ ಚೆಂದಕ್ಕೆ ಇಟ್ಟಾರೆ ಅನ್ಕಂಡಿದ್ದೆ” ಎಂದ. ಮೇಘಶ್ರೀಯ ಬೆರಳು ಈಗ ಎರಡನೇ ಗೆಣ್ಣಿನವರೆಗೆ ಸುತ್ತುತ್ತದೆ.

ಸೈಕಲ್ ಮನೆಗೆ ಬಂತು. ಅವಳು ಹತ್ತಲಿಲ್ಲ. ಮುಟ್ಟಿ ನೋಡಿದಳು, ಒಳಗೆ ಹೋದಳು.

ಮೇ 7

ಹತ್ತುವುದೇ ಬೇಡ, ಕೂರುವುದು ಮಾತ್ರ ಎಂದು ಯೋಚಿಸಿದೆ. ಪೆಡಲ್ ಇದ್ದರೆ ತುಳಿಯಬೇಕಲ್ಲ ಎಂಬ ಭಯ. ಪೆಡಲ್ಲೇ ತೆಗೆದರೆ?

ಇವರು ಸ್ಪ್ಯಾನರ್ ತಂದರು. ಬಲಗಡೆಯದು ಬಂತು. ಎಡಗಡೆಯದು ಬರಲಿಲ್ಲ. ಇವರದು ಲಾರಿ ಚಕ್ರ ಬಿಚ್ಚುವ ತೋಳು, ಅದೂ ಸೋತಿತು. ತುಕ್ಕು ಹಿಡಿದಿದೆ ಎಂದು ಎಣ್ಣೆ ಬಿಟ್ಟರು. ನಾನು ಬಲಗಡೆಯ ಪೆಡಲ್ ಕೈಯಲ್ಲಿ ಹಿಡಿದು ನೋಡುತ್ತಿದ್ದೆ. ಎರಡರ ಮೇಲೂ ಬೇರೆ ಬೇರೆ ಅಕ್ಷರ. ಎಡದರ ಸ್ಕ್ರೂವಿನ ಸುತ್ತು ಉಲ್ಟಾ ಇರಬಹುದೇ? ಉಲ್ಟಾ ತಿರುಗಿಸಿ ಎಂದೆ. “ನಂಗೆ ಹೇಳಾಕೆ ಬರ್ತೀಯಾ” ಎಂದು ಗೊಣಗುತ್ತಲೇ ತಿರುಗಿಸಿದರು. ಬಂತು. ಇಷ್ಟು ಹೊತ್ತು ಬಿಗಿ ಮಾಡುತ್ತಿದ್ದರು. ಯಾಕೆ ಉಲ್ಟಾ ಮಾಡುತ್ತಾರೆ? ತುಳಿದಂತೆಲ್ಲ ಬಿಚ್ಚಿಕೊಳ್ಳದಿರಲೆಂದು ಇರಬೇಕು. ಆಮೇಲೆ ಯಾರನ್ನಾದರೂ ಕೇಳಬೇಕು.

ಮೇಘಶ್ರೀ ಬಾಗಿಲಲ್ಲಿ ನಿಂತು ನಗುತ್ತಿದ್ದಳು. ಬಿದ್ದ ಮೇಲೆ ಮೊದಲ ಸಲ.

ಸೀಟು ಇಪ್ಪತ್ತೆರಡೂವರೆಗೆ ಇಳಿಸಿದೆ. ಕೂತಳು. ಎರಡೂ ಪಾದ ನೆಲಕ್ಕೆ, ಹಿಮ್ಮಡಿ ಸಮೇತ. ಸುಮ್ಮನೆ ಕೂತೇ ಇದ್ದಳು, ಕುರ್ಚಿಯಲ್ಲಿ ಕೂತ ಹಾಗೆ.

ಮೇ 12

ಪೆಡಲ್ ಇಲ್ಲದ ಸೈಕಲ್ಲಿನಲ್ಲಿ ಕಾಲಿನಿಂದ ನೆಲ ತಳ್ಳುತ್ತಾ ಓಣಿಯೆಲ್ಲ ತಿರುಗುತ್ತಾಳೆ. ಡೇರಿಯ ಇಳಿಜಾರಿನಲ್ಲಿ ಎರಡೂ ಕಾಲು ಎತ್ತಿ ಜಾರುತ್ತಾಳೆ. ಬೇಕಾದಾಗ ಕಾಲು ಕೆಳಗೆ. ಯಾರೂ ಸೀಟು ಹಿಡಿಯಬೇಕಿಲ್ಲ. ನಾನು ನೋಡಿದ್ದು: ಮೊದಲು ತುಳಿಯುವುದನ್ನು ಕಲಿಸುತ್ತೇವೆ, ಆಮೇಲೆ ಬ್ಯಾಲೆನ್ಸ್ ಮಾಡುವುದು, ನಿಲ್ಲುವುದು ಕೊನೆಗೆ. ಅವಳು ತಲೆಕೆಳಗೆ ಕಲಿಯುತ್ತಿದ್ದಾಳೆ. ಅದೇ ಸರಿ ಎನಿಸುತ್ತಿದೆ.

ಸಂಜೆ ತಾನೇ ಬಂದು, “ಪೆಡಲ್ ಹಾಕಮ್ಮ” ಎಂದಳು.

ಮೇ 18

ಅತ್ತಿಗೆ ಬಂದಿದ್ದಾರೆ. ಜೊತೆಗೆ ಮೇಘಶ್ರೀಗೆಂದು ಹೊಸ ಶಾಲೆ ಬ್ಯಾಗು. ಅವರಿಗೆ ಮಕ್ಕಳಿಲ್ಲ. ಬ್ಯಾಗಿನ ಒಂದೊಂದೇ ಜಿಪ್ ತೆಗೆದು ತೋರಿಸುವಾಗ ನನಗೆ ಏನೋ ಆಯಿತು. ಕೆಟ್ಟವರೇನಲ್ಲ. ಕರೆದುಕೊಂಡು ಹೋಗಲು ಬಂದಿದ್ದಾರೆ, ಅಷ್ಟೇ.

ನೀಲಿ ಸೈಕಲ್ ನೋಡಿದರು. “ಹೊಸಾದು ಕೊಟ್ಟು ಹಳೇದು ತಂದ್ರಂತೆ. ಹಿಂಗೂ ಉಂಟೇನೇ ಶಾಂತಲಾ? ಇದು ಎಷ್ಟು ದಿನ ಬಂದೀತು?”

ಎರಡು ವರ್ಷ ಅಂದೆ.

“ಆಮ್ಯಾಕೆ?”

ಆಮೇಲೆ ಅವಳನ್ನು ಇನ್ನೊಮ್ಮೆ ಅಳೆಯುತ್ತೇನೆ ಅಂದೆ. ಅತ್ತಿಗೆ ನನ್ನ ಮುಖ ನೋಡಿದರು. ಕೆರೆಬಿಳಚಿಗೆ ಹೋಗಿ ಬರುವ ಪರೀಕ್ಷೆ ಮುಗಿಯುವವರೆಗೆ ಇದ್ದು ನೋಡಿ ಹೋಗುತ್ತಾರಂತೆ.

ಮೇ 21

ಸೀಟು ಒಂದಿಂಚು ಏರಿಸಿದರೆ ತುಳಿಯುವುದು ಹಗುರವಾಗುತ್ತದೆ, ಮೊಣಕಾಲು ಅಷ್ಟು ಮಡಚುವುದಿಲ್ಲ. ಲೆಕ್ಕದ ಪ್ರಕಾರ ಸರಿ. ಸ್ಪ್ಯಾನರ್ ತಂದೆ. ಮೇಘಶ್ರೀ ಸೀಟಿನ ಮೇಲೆ ಕೈ ಇಟ್ಟಳು.

“ನಾನು ಹೇಳ್ದಾಗ ಏರ್ಸು.”

ಸ್ಪ್ಯಾನರ್ ಒಳಗಿಟ್ಟೆ.

ಮೇ 25, ಭಾನುವಾರ, ಸಂಜೆ

ಹೋಗಿ ಬಂದಳು.

ಇವರು ಮೊದಲೇ ಬೈಕಿನಲ್ಲಿ ಹೋಗಿ ಕೆರೆಬಿಳಚಿ ಶಾಲೆಯ ಎದುರಿನ ಚಹಾದಂಗಡಿಯಲ್ಲಿ ಕೂತಿದ್ದರು. ದಾರಿಯಲ್ಲಿ ಹಿಂದೆ ಬರಬಾರದು ಎಂದು ಅವಳದೇ ಷರತ್ತು. ನಾನು, ಅತ್ತಿಗೆ ಕಟ್ಟೆಯ ಮೇಲೆ. ಅತ್ತಿಗೆ ಬತ್ತಿ ಹೊಸೆಯುತ್ತಿದ್ದರು, ಆಮೇಲೆ ಅದನ್ನೂ ಬಿಟ್ಟರು. ಇಬ್ಬರೂ ಒಂದೇ ದಾರಿ ನೋಡುತ್ತಿದ್ದೆವು. ಇಬ್ಬರಿಗೂ ಬೇಕಾದದ್ದು ಮಾತ್ರ ಬೇರೆ ಬೇರೆ. ಆದರೆ ಅವಳು ಕಂಡಾಗ ಮೊದಲು ಎದ್ದು ನಿಂತವರು ಅತ್ತಿಗೆ.

ಇವರು ಸ್ವಲ್ಪ ಹೊತ್ತು ಬಿಟ್ಟು ಬಂದರು. ನಡುದಾರಿಯಲ್ಲಿ ಏರು ಇರುವ ಕಡೆ ಇಳಿದು ತಳ್ಳಿಕೊಂಡು ಬಂದೆ ಎಂದು ಮೇಘಶ್ರೀಯೇ ಹೇಳಿದಳು. ಅದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ನಾನು ಕಾಯುತ್ತಿದ್ದೆ. ಇವರು ಹೆಲ್ಮೆಟ್ ತೆಗೆದು ಅಕ್ಕನ ಕಡೆ ತಿರುಗಿದರು.

“ಇಳಿಬೇಕಾದಲ್ಲಿ ಇಳಿತಾಳೆ ಕಣಕ್ಕ. ಇಲ್ಲೇ ಇರ್ಲಿ ಬಿಡು.”

ಅತ್ತಿಗೆ ತಲೆಯಾಡಿಸಿ ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದರು. ಮೇಘಶ್ರೀಗೆ ಕೊಟ್ಟರು. ಮಧ್ಯಾಹ್ನದ ಬಸ್ಸಿಗೆ ಹೊರಟರು. ಬ್ಯಾಗು ಬಿಟ್ಟು ಹೋದರು.

ಮೇ 28

ಯೂನಿಫಾರಂ ಹೊಲಿದೆ. ಈ ಸಲ ಸರಿ ಅಳತೆಗೇ ಎಂದು ಕತ್ತರಿ ಹಿಡಿದೆ. ಕೈ ಕೇಳಲಿಲ್ಲ. ಒಂದಿಂಚು ಒಳಗೆ ಮಡಿಸಿದ್ದೇನೆ. ಎರಡಲ್ಲ.

ಮೇ 29, ಸಂಜೆ

ಶಾಲೆ ಶುರು. ಬೆಳಗ್ಗೆ ಹೋಗುವಾಗ ತಿರುಗಿ ನೋಡಲಿಲ್ಲ. ತಿರುಗಿದ್ದರೆ ಹ್ಯಾಂಡಲ್ ತಪ್ಪುತ್ತಿತ್ತು, ಒಳ್ಳೆಯದೇ ಆಯಿತು.

ಅತ್ತಿಗೆ ಫೋನ್ ಮಾಡಿದ್ದರು. ಬಂದಳಾ ಎಂದು. ಇನ್ನೂ ಇಲ್ಲ ಎಂದೆ. ದಸರಾ ರಜಕ್ಕೆ ಕಳಿಸುತ್ತೇನೆ ಎಂದೆ. ಹೊನ್ನಾಳಿಯ ಹೊಳೆ ದಂಡೆಯ ರಸ್ತೆ ಈಗ ಸಮ ಮಾಡಿದ್ದಾರೆ, ಸೈಕಲ್ಲೂ ಬಸ್ಸಿನ ಮೇಲೆ ಹಾಕಿ ಕಳಿಸು ಎಂದರು.

ಹೊಲಿಗೆ ಮಿಷನ್ ಕಿಟಕಿಯ ಹತ್ತಿರ ಎಳೆದುಕೊಂಡಿದ್ದೇನೆ. ಬೆಳಗ್ಗೆಯಿಂದ ಒಂದು ತೋಳು ಮಾತ್ರ ಹೊಲಿದದ್ದು, ಅದೂ ಬಿಚ್ಚಬೇಕು. ನಾಲ್ಕೂವರೆ ದಾಟಿತು... ದೂರದಲ್ಲಿ ನೀಲಿ. ಹೌದು, ಅವಳೇ. ಮಹೇಶ್ವರಪ್ಪನವರ ಎಮ್ಮೆಗಳು ಅಡ್ಡ ಬಂದಿವೆ. ಬ್ರೇಕ್ ಹಿಡಿದಳು. ನಿಂತಳು. ಸೀಟಿನಿಂದ ಇಳಿದಿಲ್ಲ. ಒಂದು ಕಾಲು ನೆಲದ ಮೇಲೆ, ಬೆರಳಲ್ಲ, ಪೂರ್ತಿ ಪಾದ. ಎಮ್ಮೆಗಳಿಗೆ ಅವಸರವಿಲ್ಲ. ಅವಳಿಗೂ ಇಲ್ಲ, ಬೆಲ್ ಸಹ ಹೊಡೆಯುತ್ತಿಲ್ಲ. ಕೊನೆಯದೂ ದಾಟಿತು. ಈಗ ಕಾಲು ಎತ್ತಿ ಪೆಡಲ್ ತುಳಿದಳು, ಬರುತ್ತಿದ್ದಾಳೆ.