ಹಳದಿ ಗೆರೆಯ ಕರಿ ವೈರು

ಮಾರ್ಚ್ 3, ಸೋಮವಾರ

ಬ್ಯಾಟರಿ 9.8 ವೋಲ್ಟ್. ಸತ್ತ ಹಾಗೆಯೇ. ಚಾರ್ಜಿಗೆ ಹಾಕಿದೆ.

ತಮ್ಮನ ದೋಣಿಯ ಎಂಜಿನ್ ಶನಿವಾರ ಜೆಟ್ಟಿ ಆಫೀಸಿನಿಂದ ವಾಪಸ್ ಬಂತು. ನಲವತ್ತೆರಡು ದಿನ ಅವರ ಗೋದಾಮಿನಲ್ಲಿತ್ತು. ಈಗ ನನ್ನ ಶೆಡ್ಡಿನ ಸ್ಟ್ಯಾಂಡಿನ ಮೇಲೆ. ಮುಚ್ಚಳದ ಬಲಗಡೆ ಒಂದು ಗೀರು. ಪ್ರೊಪೆಲ್ಲರ್ ಅವರೇ ಬಿಚ್ಚಿ ಬೇರೆ ಚೀಲದಲ್ಲಿ ಹಾಕಿ ಕೊಟ್ಟಿದ್ದಾರೆ. ಚೀಲ ಬಿಚ್ಚಲಿಲ್ಲ.

ತಮ್ಮನ ಹೆಂಡತಿ ಬಂದಿದ್ದಳು. ದೋಣಿ ಇನ್ನು ತಾನೇ ಓಡಿಸುತ್ತಾಳಂತೆ. ಲೈಸೆನ್ಸ್ ಪರೀಕ್ಷೆ ಪಾಸಾಗಿದೆ. ಆಚೆ ದಡದ ಶಾಲೆಯ ಟೀಚರುಗಳು, ಅಂಚೆ ಚೀಲ... ಅವನು ಮಾಡುತ್ತಿದ್ದ ಟ್ರಿಪ್ಪುಗಳೇ.

"ಅಕ್ಕ, ಎರಡು ವಾರದಲ್ಲಿ ಆಗುತ್ತಾ?"

"ಆಗುತ್ತೆ."

"ಬೇರೆಯವರ ಕೈಗೆ ಕೊಡೋಕೆ ಮನಸ್ಸಿಲ್ಲ. ನೀವೇ ನೋಡಿ."

ನೋಡುತ್ತೇನೆ ಅಂದೆ. ಮಧ್ಯಾಹ್ನ ಊಟ ಮಾಡಿದೆನಾ, ನೆನಪಿಲ್ಲ. ತಟ್ಟೆ ತೊಳೆದಿಟ್ಟಿತ್ತು. ಮಾಡಿರಬೇಕು.

ಮಾರ್ಚ್ 4, ಮಂಗಳವಾರ

ಬ್ಯಾಟರಿ 12.6. ಕೀ ತಿರುಗಿಸಿದರೆ ಟಕ್ ಅನ್ನುತ್ತದೆ, ಅಷ್ಟೇ. ಸ್ಟಾರ್ಟರ್ ತಿರುಗುವುದಿಲ್ಲ. ಮೀಟರಿನ ಒಂದು ಮುಳ್ಳು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಎಂಜಿನ್ ಮೈಗೆ ಹಿಡಿದು ಮತ್ತೆ ಕೀ ತಿರುಗಿಸಿದೆ. ಎರಡು ವೋಲ್ಟ್ ತೋರಿಸಿತು. ತೋರಿಸಬಾರದು. ಅರ್ತಿಂಗ್ ಬೋಲ್ಟ್ ಬಿಚ್ಚಿದರೆ ಒಳಗೆಲ್ಲ ಹಸಿರು ಕಿಲುಬು. ಮರಳು ಕಾಗದದಲ್ಲಿ ಉಜ್ಜಿದೆ. ಲೋಹ ಹೊಳೆಯಿತು. ಸ್ಟಾರ್ಟರ್ ತಿರುಗಿತು. ಅರ್ತಿಂಗ್ ಕಡೆ ಮೊದಲು ನೋಡು ಅಂತ ಅಪ್ಪ ಬೈದು ಬೈದು ಕಲಿಸಿದ್ದು. ಅಪ್ಪನಿಂದ ತಮ್ಮನಿಗೆ ದೋಣಿ ಬಂತು, ನನಗೆ ಶೆಡ್ಡು.

ಊಟಕ್ಕೆ ಕೂತಾಗ ಅಮ್ಮ ಮತ್ತೆ ಶುರು ಮಾಡಿದಳು. "ಮೊದ್ಲಿಂದ್ಲೂ ಅಸಡ್ಡೆ ಅವನಿಗೆ. ಎಲ್ಲಿ ಏನಿಟ್ಟೆ ಅನ್ನೋ ಜ್ಞಾನ ಇಲ್ಲ. ಆ ಹಗ್ಗ ಕಟ್ಕೊಳ್ಳೋಕೆ ಏನಾಗಿತ್ತು ಧಾಡಿ?"

ಹೂಂ ಅಂದೆ.

ಮಾರ್ಚ್ 7, ಶುಕ್ರವಾರ

ಎರಡು ದಿನ ಆ ಎಂಜಿನ್ ಮುಟ್ಟಲಿಲ್ಲ. ಬೇರೆಯವರ ಪಂಪು ರಿಪೇರಿ ಮಾಡಿದೆ.

ಇದನ್ನು ಯಾರೂ ಓದುವುದಿಲ್ಲ. ಇಲ್ಲಾದರೂ ಬರೆದುಬಿಡುತ್ತೇನೆ.

ಎಂಜಿನ್ನಿನ ಹಿಡಿಯ ಪಕ್ಕ ಒಂದು ಕೆಂಪು ಸ್ವಿಚ್. ಅದಕ್ಕೊಂದು ಕ್ಲಿಪ್, ಕ್ಲಿಪ್ಪಿಗೆ ಸುರುಳಿ ಹಗ್ಗ, ಹಗ್ಗದ ತುದಿ ಓಡಿಸುವವನ ಮಣಿಕಟ್ಟಿಗೆ. ಮನುಷ್ಯ ನೀರಿಗೆ ಬಿದ್ದರೆ ಹಗ್ಗ ಕ್ಲಿಪ್ ಕಿತ್ತುಕೊಂಡು ಹೋಗುತ್ತದೆ. ಎಂಜಿನ್ ನಿಲ್ಲುತ್ತದೆ. ನಿಲ್ಲಿಸುವುದು ಒಂದೇ ಒಂದು ವೈರು. ಕರಿ ಬಣ್ಣ, ಮೇಲೆ ಹಳದಿ ಗೆರೆ.

ಡಿಸೆಂಬರ್ ಕೊನೆ. ಎಂಜಿನ್ ನಡುನೀರಿನಲ್ಲಿ ತಾನಾಗೇ ಆಫ್ ಆಗುತ್ತಿದೆ ಅಂತ ತಮ್ಮ ಬಂದ. ಸ್ವಿಚ್ಚಿನೊಳಗೆ ನೀರು ಹೊಕ್ಕು ಶಾರ್ಟ್ ಆಗುತ್ತಿತ್ತು. ಹೊಸ ಸ್ವಿಚ್ ನನ್ನ ಹತ್ತಿರ ಇರಲಿಲ್ಲ. ಆ ವೈರನ್ನೇ ಬಿಚ್ಚಿ ಟೇಪ್ ಸುತ್ತಿದೆ. ಎಂಜಿನ್ ಸೊಗಸಾಗಿ ಓಡಿತು. "ಹೊಸ ಸ್ವಿಚ್ ಬರೋ ತನಕ ಚೋಕ್ ಎಳೆದು ನಿಲ್ಲಿಸ್ಕೋ" ಅಂದೆ. ಹಗ್ಗ ಇನ್ನು ಕೆಲಸಕ್ಕೆ ಬರಲ್ಲ ಅಂತ ಹೇಳಲಿಲ್ಲ. ಅವನಿಗೆ ಗೊತ್ತಾಗಿರುತ್ತೆ ಅಂದುಕೊಂಡೆನಾ? ಇಲ್ಲ. ಏನೂ ಅಂದುಕೊಳ್ಳಲಿಲ್ಲ. ಅವತ್ತು ಇನ್ನೂ ಎರಡು ಎಂಜಿನ್ ಸಾಲಿನಲ್ಲಿದ್ದವು.

ಸ್ವಿಚ್ ಜನವರಿ 6ಕ್ಕೆ ಬಂತು. ಆಮೇಲೆ ಅವನು ಎರಡು ಸಲ ಶೆಡ್ಡಿಗೆ ಬಂದುಹೋದ. ಮೊದಲ ಸಲ — "ಟೀಚರುಗಳು ಕಾಯ್ತಿದಾರೆ ಕಣೆ, ನಾಳೆ ಹಾಕುವಂತೆ." ಎರಡನೇ ಸಲ ನಾಳೆ ಅಂದದ್ದು ನಾನು.

18ಕ್ಕೆ ಅಲೆಯೊಂದಕ್ಕೆ ದೋಣಿ ಹೊಯ್ದಾಡಿ ಅವನು ನೀರಿಗೆ ಬಿದ್ದ. ದಡದಲ್ಲಿದ್ದವರು ನೋಡಿದ್ದಾರೆ. ಎಂಜಿನ್ ನಿಲ್ಲಲಿಲ್ಲ. ದೋಣಿ ತನ್ನ ಪಾಡಿಗೆ ಒಂದು ಸುತ್ತು ಹಾಕಿ ವಾಪಸ್ ಅವನ ಮೇಲೆಯೇ ಬಂತು.

ಹಗ್ಗವೂ ಕ್ಲಿಪ್ಪೂ ಅವನ ಕೈಯಲ್ಲಿರಲಿಲ್ಲ, ನೀರಿನಲ್ಲೂ ಸಿಗಲಿಲ್ಲ. ಪ್ರೊಪೆಲ್ಲರ್ ಕತ್ತರಿಸಿರಬೇಕು. ಆಫೀಸಿನ ತಪಾಸಣೆಯವರು ಟೇಪ್ ತೋರಿಸಿ ಕೇಳಿದರು, "ಇದು ನಿಮ್ಮ ಕೆಲಸಾನಾ?" ಅಲ್ಲ ಅಂದೆ. ಎರಡೇ ಅಕ್ಷರ. ಮಾಲೀಕನೇ ವೈರು ಕಳಚಿದ್ದಾನೆ, ಹಗ್ಗ ಕಟ್ಟಿಕೊಂಡಿರಲಿಲ್ಲ ಅಂತ ರಿಪೋರ್ಟ್ ಆಯಿತು.

ಕಟ್ಟಿಕೊಂಡಿದ್ದ. ಅವತ್ತು ಬೆಳಿಗ್ಗೆ ಕುಣಿಕೆಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಬಿಗಿ ಮಾಡಿಕೊಂಡಿದ್ದನ್ನು ಶೆಡ್ಡಿನ ಬಾಗಿಲಲ್ಲಿ ನಿಂತು ನೋಡಿದ್ದೇನೆ. ಟೇಪಿನ ತುದಿ ಒಳಕ್ಕೆ ಮಡಚಿದೆ, ಆಮೇಲೆ ಬಿಚ್ಚಲು ಸುಲಭವಾಗಲಿ ಅಂತ. ಹಾಗೆ ಮಡಚುವವಳು ಇಲ್ಲಿ ನಾನೊಬ್ಬಳೇ.

ಬರೆದೆ. ಏನೂ ಆಗಲಿಲ್ಲ. ಕೈ ತೊಳೆದು ಮಲಗುತ್ತೇನೆ.

ಮಾರ್ಚ್ 8, ಶನಿವಾರ

ಎಂಜಿನ್ನನ್ನು ನೀರಿನ ಡ್ರಮ್ಮಿನಲ್ಲಿಟ್ಟು ಸ್ಟಾರ್ಟ್ ಮಾಡಿದೆ. ಓಡುತ್ತದೆ, ಆದರೆ ಬ್ಯಾಟರಿ ಚಾರ್ಜ್ ಆಗುತ್ತಿಲ್ಲ. ಎಷ್ಟು ಹೊತ್ತು ಓಡಿಸಿದರೂ 12.3. ರೆಕ್ಟಿಫೈಯರ್ ಸುಟ್ಟಿದೆ. ಹಳೆಯ ಎಂಜಿನ್ ಒಂದರಿಂದ ತೆಗೆದು ಹಾಕಿದೆ. 14.1. ಸರಿ.

ತಮ್ಮನ ಹೆಂಡತಿ ಪಕ್ಕದಲ್ಲೇ ಕೂತು ಕೇಳಿದ ಸ್ಪ್ಯಾನರ್ ಕೊಡುತ್ತಿದ್ದಳು. ನಂಬರ್ ತಪ್ಪಲಿಲ್ಲ. ಬೇಗ ಕಲಿಯುತ್ತಾಳೆ. ಇದ್ದಕ್ಕಿದ್ದ ಹಾಗೆ ಅಂದಳು — "ಹೋದವರ ಮೇಲೆ ಸಿಟ್ಟು ಮಾಡ್ಕೋಬಾರ್ದು ಅಂತಾರೆ. ನಂಗೆ ಬೆಳಿಗ್ಗೆ ಕಣ್ಣು ಬಿಟ್ರೆ ಸಿಟ್ಟೇ ಅಕ್ಕ. ಅವರ ಶರ್ಟೆಲ್ಲ ಮೂಟೆ ಕಟ್ಟಿ ಯಾರಿಗೋ ಕೊಟ್ಬಿಟ್ಟೆ. ಮಗಳಿಗೂ ಹೇಳಿದೀನಿ, ನಿಮ್ಮಪ್ಪ ಸ್ವಲ್ಪ ಹುಷಾರಾಗಿದ್ದಿದ್ರೆ ಇವತ್ತು ಇರ್ತಿದ್ರು ಅಂತ."

ನಟ್ಟು ಬಿಗಿಯುತ್ತಿದ್ದೆ. ಬಿಗಿದೆ.

"ಇನ್ನೇನು ಬಾಕಿ?"

"ಒಂದು ವೈರು."

"ಅವರು ಕಿತ್ತಿದ್ರಲ್ಲ, ಅದಾ?"

ಸ್ವಿಚ್ ಸೇರಿಸಿ ಬುಧವಾರ ಹಾಕ್ತೀನಿ ಅಂದೆ.

ಮಾರ್ಚ್ 12, ಬುಧವಾರ. ಮಧ್ಯಾಹ್ನ

ಹೇಳಿದೆ.

ತಮ್ಮನ ಹೆಂಡತಿ ಮುಚ್ಚಳ ತೆಗೆದು ಸ್ಕ್ರೂಡ್ರೈವರ್ ಹಿಡಿದು ಕೂತಿದ್ದಳು. ಎಲ್ಲಿಂದ ಶುರು ಮಾಡಲಿ ಅಂತ ಕೇಳಿದಳು. "ಆ ವೈರು ಬಿಚ್ಚಿದ್ದು ನಾನು" ಅಂದೆ. ಎಲ್ಲ ಹೇಳಿದೆ. ಡಿಸೆಂಬರಿನಿಂದ, ತಾರೀಖು ಸಮೇತ, ಕೆಲಸದ ಚೀಟಿ ಓದಿದ ಹಾಗೆ. ದನಿ ನಡುಗಲಿಲ್ಲ. ನಡುಗಿದ್ದರೆ ಚೆನ್ನಾಗಿತ್ತೇನೋ.

"ಅವರಿಗೆ ಗೊತ್ತಿತ್ತಾ, ಹಗ್ಗ ಕೆಲಸ ಮಾಡಲ್ಲ ಅಂತ?"

"ಇಲ್ಲ. ನಾನು ಹೇಳ್ಲಿಲ್ಲ."

"ಕಟ್ಕೊಂಡಿದ್ರಾ?"

"ಕಟ್ಕೊಂಡಿದ್ದ. ನಾನೇ ನೋಡಿದೆ."

ಸ್ಕ್ರೂಡ್ರೈವರನ್ನು ಬೆಂಚಿನ ಮೇಲೆ ಅದರ ಜಾಗದಲ್ಲೇ ಇಟ್ಟಳು, ಸಾಲಾಗಿ. "ಕಟ್ಕೊಂಡಿದ್ರು" ಅಂದಳು. ಇನ್ನೊಮ್ಮೆ ಅಂದಳು. ಬೈಯುತ್ತಾಳೆ ಅಂತ ಕಾದೆ. ಬೈಯಲಿಲ್ಲ.

"ಆಫೀಸಿಗೆ ಬರ್ದು ಕೊಡಿ. ಮಗಳು ಓದಿದ್ರೂ ಅರ್ಥ ಆಗೋ ಹಾಗೆ ಬರೀರಿ." ಬಾಗಿಲ ಹತ್ತಿರ ನಿಂತು, ತಿರುಗದೆ — "ಸ್ವಿಚ್ ನೀವೇ ಹಾಕ್ಬೇಕು. ನನ್ನೆದುರಿಗೆ."

ಎದೆ ಹಗುರವಾಗುತ್ತದೆ ಅನ್ನುತ್ತಾರೆ. ಏನೂ ಆಗಲಿಲ್ಲ. ನೆಲ ಗುಡಿಸಿದೆ.

ಮಾರ್ಚ್ 13, ಗುರುವಾರ

ಬರೆದು ಕೊಟ್ಟೆ. ಒಂದೂವರೆ ಪುಟ. ತಪಾಸಣೆಯವರು ಎರಡು ಸಲ ಓದಿದರು. "ಇದರ ಪರಿಣಾಮ ಗೊತ್ತಲ್ವಾ ನಿಮಗೆ?" ಗೊತ್ತು. ವಿಚಾರಣೆ ಮುಗಿಯುವವರೆಗೆ ಶೆಡ್ಡಿನ ಲೈಸೆನ್ಸ್ ಅಮಾನತು. ತಮ್ಮನ ಹೆಂಡತಿ ಹಟ ಹಿಡಿದದ್ದಕ್ಕೆ ಆ ಒಂದು ಸ್ವಿಚ್ ಹಾಕಲು ಬಿಟ್ಟರು. ಅವರು ಎದುರು ನಿಂತು ನೋಡುತ್ತಾರಂತೆ.

ಅಮ್ಮನಿಗೂ ಹೇಳಿದೆ. ಬಟ್ಟೆ ಮಡಚುತ್ತಿದ್ದಳು. ಪೂರ್ತಿ ಕೇಳಿಸಿಕೊಂಡಳು.

"ಎರಡು ತಿಂಗಳು ಅವನನ್ನ ಬೈದೆ" ಅಂದಳು. "ನೀನು ಎದುರಿಗೆ ಕೂತು ಅನ್ನ ಕಲಸ್ತಾ ಕೇಳಿಸ್ಕೊಂಡೆ."

ಎದ್ದು ಒಳಗೆ ಹೋದಳು. ಮಿಕ್ಕ ಬಟ್ಟೆ ನಾನು ಮಡಚಿಟ್ಟೆ.

ಮಾರ್ಚ್ 15, ಶನಿವಾರ

ಸ್ವಿಚ್ ಹಾಕಿದೆ. ವೈರು ಅದರ ಜಾಗಕ್ಕೆ. ಟೇಪ್ ತಪಾಸಣೆಯವರು ಲಕೋಟೆಗೆ ಹಾಕಿಕೊಂಡರು. ಮೀಟರ್ ಹಿಡಿದೆ: ಕ್ಲಿಪ್ ಇದ್ದಾಗ ಸುಮ್ಮನಿದೆ, ತೆಗೆದರೆ ಬೀಪ್. ಸರಿ. ಹೊಸ ಪ್ರೊಪೆಲ್ಲರ್. ಎಂಜಿನ್ ದೋಣಿಗೆ ಕೂರಿಸಿದ್ದಾಯಿತು.

ತಮ್ಮನ ಹೆಂಡತಿ ದೋಣಿಯಲ್ಲಿ, ನಾನು ಜೆಟ್ಟಿಯ ಮೇಲೆ. ಹಗ್ಗ ಮಣಿಕಟ್ಟಿಗೆ ಕಟ್ಟಿಕೊಂಡು ಸ್ಟಾರ್ಟ್ ಮಾಡಿದಳು. ಕೈ ಎಳೆದಳು. ಕ್ಲಿಪ್ ಹಾರಿತು, ಎಂಜಿನ್ ನಿಂತಿತು. ತಪಾಸಣೆಯವರು ಬರೆದುಕೊಂಡರು. ಅವಳು ಕ್ಲಿಪ್ ಸಿಕ್ಕಿಸಿ ಮತ್ತೆ ಸ್ಟಾರ್ಟ್ ಮಾಡಿದಳು. ಮತ್ತೆ ಎಳೆದಳು. ನಿಂತಿತು. ಮತ್ತೆ.

"ಸಾಕಮ್ಮ, ಪಾಸಾಗಿದೆ" ಅಂದರು ತಪಾಸಣೆಯವರು.

ಕೇಳಿಸಿಕೊಳ್ಳಲಿಲ್ಲ. ಮತ್ತೆ ಸ್ಟಾರ್ಟ್, ಮತ್ತೆ ಎಳೆತ. ಹನ್ನೊಂದರವರೆಗೆ ಎಣಿಸಿದೆ. ಪ್ರತಿ ಸಲವೂ ನಿಂತಿತು. ಆಮೇಲೆ ಎಣಿಸಲಿಲ್ಲ.

ಮಾರ್ಚ್ 24, ಸೋಮವಾರ. ಬೆಳಿಗ್ಗೆ 7.40

ಕೆಲಸವಿಲ್ಲ. ಆದರೂ ಬಂದು ಶೆಡ್ಡು ತೆಗೆದು ಕೂರುತ್ತೇನೆ. ಅಮ್ಮ ನಿನ್ನೆ ಒಂದು ಮಾತಾಡಿದಳು, ಗ್ಯಾಸ್ ಮುಗೀತು ಅಂತ.

ಈಗಷ್ಟೇ ಬೆಂಚು ಒರೆಸುತ್ತಿದ್ದೆ. ಎಂಜಿನ್ ಶಬ್ದ ಕೇಳಿತು. ದೂರದಿಂದಲೇ ಗೊತ್ತಾಯಿತು, ತಮ್ಮನದು. ಒಂದು ತಪ್ಪಿಲ್ಲದ ಓಟ. ಕೈಯಲ್ಲಿದ್ದ ಬಟ್ಟೆ ಬಿಸಾಕಿ ಎದ್ದೆ. ಸ್ಕ್ರೂಡ್ರೈವರ್ ಅದು ಹೇಗೆ ಕೈಗೆ ಬಂತೋ. ಬಂದ, ಇವತ್ತು ಬಿಡಬಾರದು, ಟೀಚರುಗಳು ಕಾದರೆ ಕಾಯಲಿ, ಅರ್ಧ ಗಂಟೆ ಕೆಲಸ, ಹಾಕೇಬಿಡಬೇಕು — ಬಾಗಿಲವರೆಗೆ ಓಡಿದೆ. "ಬಾರೋ ಇಲ್ಲಿ" ಅಂತ ಕೂಗಿಯೂಬಿಟ್ಟೆ.

ದೋಣಿ ಜೆಟ್ಟಿ ಕಡೆ ತಿರುಗಿತು. ಹಿಡಿ ಹಿಡಿದು ಅವಳು ಕೂತಿದ್ದಳು. ತಲೆ ಎತ್ತಿ ನನ್ನನ್ನೇ ನೋಡಿದಳು. ನಾನು ಅಲ್ಲೇ ಹೊಸ್ತಿಲ ಮೇಲೆ ಸ್ಕ್ರೂಡ್ರೈವರ್ ಹಿಡಿದು ನಿಂತಿದ್ದೆ.