ಮೀಟ್‌ಲೋಫ್ ಹೇಗೆ ಮಾಡುವುದೆಂದು ಕೇಳಿದವರಿಗೆ

ಗುರುವಾರ, ಮಧ್ಯಾಹ್ನ

ಲಿಫ್ಟ್ ಸಾಹೇಬರಿಗೆ,

ನಾನು ಚೆನ್ನಾಗಿದ್ದೇನೆ. ನೀವೂ ಚೆನ್ನಾಗಿದ್ದೀರಿ ಎಂದು ಮಗಳು ಹೇಳುತ್ತಲೇ ಇರುತ್ತಾಳೆ, ಆದ್ದರಿಂದ ಆ ಸಾಲು ಬಿಟ್ಟು ಮುಂದಕ್ಕೆ ಹೋಗುತ್ತೇನೆ. ನಿಮ್ಮ ಅಕ್ಕ ಮನೆ ಖಾಲಿ ಮಾಡಿ ಮಗನ ಜೊತೆ ಇರಲು ಹೋಗುತ್ತಿರುವುದು, ಇಷ್ಟು ದಿನ ಅವರ ಮನೆಯಲ್ಲಿದ್ದ ನೀವು ನಿಮಗೆಂದೇ ಒಂದು ಬಾಡಿಗೆ ಮನೆ ಗೊತ್ತು ಮಾಡಿಕೊಂಡಿರುವುದು, ಸೋಮವಾರ ಕರಾರಿಗೆ ಸಹಿ ಹಾಕಲಿರುವುದು, ಎಲ್ಲವೂ ಅವಳ ಬಾಯಿಂದಲೇ ತಿಳಿಯಿತು. ಅಲ್ಲಿ ಓವನ್ ಇದೆಯಂತೆ. ಅದಕ್ಕೇ ಅಮ್ಮನ್ನ ಕೇಳಿ ಮೀಟ್‌ಲೋಫ್ ಹೇಗೆ ಮಾಡೋದು ಅಂತ ಬರ್ಕೊಂಡು ಬಾ ಎಂದು ಅವಳನ್ನು ಅಟ್ಟಿದಿರಂತೆ. ತಿನ್ನುವಾಗ ನನ್ನ ಕೈ, ಕೇಳುವಾಗ ಮಗಳ ಬಾಯಿ. ಸಿಟ್ಟು ಬಂತು, ಸುಳ್ಳೇಕೆ ಹೇಳಲಿ.

ಆದರೂ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನಾವಿಬ್ಬರೂ ಎರಡನೆಯ ಮಾತಿಗೇ ಜಗಳಕ್ಕೆ ಬೀಳುತ್ತೇವೆ. ಕಾಗದದಲ್ಲಿ ನೀವು ಅಡ್ಡ ಬಾಯಿ ಹಾಕುವಂತಿಲ್ಲ, ಅದೊಂದು ಸುಖ. ಅಲ್ಲದೆ ಮಗಳು ಬರೆದುಕೊಂಡದ್ದು ಪೂರ್ತಿಯಾಗಿಲ್ಲ. ಅವಳ ತಪ್ಪಲ್ಲ. ಕಳೆದ ಭಾನುವಾರದ ತನಕ ನನಗೂ ಪೂರ್ತಿ ಗೊತ್ತಿರಲಿಲ್ಲ.

ಮೊದಲು ಕೈಮಾ. ಸೇತುವೆಯ ಕೆಳಗಿನ ಅಂಗಡಿಯವನ ಹತ್ತಿರವೇ ತನ್ನಿ. ಕೊಬ್ಬು ತೆಗೀಲಾ ಎಂದು ಕೇಳುತ್ತಾನೆ, ಬೇಡ ಎನ್ನಿ. ನಿಮ್ಮ ಡಾಕ್ಟರು ಏನು ಹೇಳಿದ್ದಾರೆಂದು ನನಗೆ ನೆನಪಿದೆ, ಆದರೂ ಬೇಡ ಎನ್ನಿ, ಬೇಕಾದರೆ ಒಂದು ತುಂಡು ಕಡಿಮೆ ತಿನ್ನಿ. ಕೊಬ್ಬಿಲ್ಲದ ಮಾಂಸ ಬೆಂದರೆ ಮರದ ಹೊಟ್ಟಿನ ಹಾಗಾಗುತ್ತದೆ. ಆಮೇಲೆ ಹಿಂದಿನ ದಿನದ ಬ್ರೆಡ್ಡು. ಅಂಚು ತೆಗೆದು, ಹರಿದು, ಹಾಲಿನಲ್ಲಿ ನೆನೆಹಾಕಿ. ಗಂಜಿಯ ಹಾಗೆ ಆಗುವ ತನಕ ಅದರ ತಂಟೆಗೆ ಹೋಗಬೇಡಿ. ಹಿಂಡಬೇಡಿ. ಹಾಲು ಜಾಸ್ತಿಯಾಯಿತೇನೋ ಎಂದು ನಿಮಗೆ ಖಂಡಿತ ಅನ್ನಿಸುತ್ತದೆ, ಆಗಿರುವುದಿಲ್ಲ.

ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ ಬೆಣ್ಣೆಯಲ್ಲಿ ಬಾಡಿಸಿ. ಕೆಂಪಗಾಗಬಾರದು, ಗಾಜಿನ ಹಾಗೆ ಆದರೆ ಸಾಕು. ಆ ವಾಸನೆ ನಿಮಗೆ ನೆನಪಿರಬೇಕು. ನೀವು ಮೆಟ್ಟಿಲು ಹತ್ತಿ ಬರುವಾಗ ಎರಡನೆಯ ಮಹಡಿಯಲ್ಲೇ ಮೂಗಿಗೆ ಬಡಿಯುತ್ತಿತ್ತು ಎನ್ನುತ್ತಿದ್ದಿರಿ. ಊರಿನವರ ಲಿಫ್ಟನ್ನೆಲ್ಲ ರಿಪೇರಿ ಮಾಡಿ ಬಂದು ನಮ್ಮ ಕಟ್ಟಡದಲ್ಲಿ ಮಾತ್ರ ಮೆಟ್ಟಿಲು ಹತ್ತುತ್ತಿದ್ದ ಪುಣ್ಯಾತ್ಮರು ನೀವು. ಕೇಳಿದರೆ, ದಿನವಿಡೀ ಅದರೊಳಗೇ ಇರ್ತೀನಲ್ಲ, ಇನ್ನೂ ಎಷ್ಟು ಹತ್ತಲಿ ಅಂತಿದ್ದಿರಿ.

ಈರುಳ್ಳಿ ಆರಿದ ಮೇಲೆ ಕೈಮಾ, ಬ್ರೆಡ್ಡು, ಒಂದು ಮೊಟ್ಟೆ, ಉಪ್ಪು, ಮೆಣಸಿನ ಪುಡಿ, ಸ್ವಲ್ಪ ಸಾಸಿವೆ ಪೇಸ್ಟು ಎಲ್ಲ ಸೇರಿಸಿ ಬೆರಳ ತುದಿಯಲ್ಲಿ ಕಲಸಿ. ಇಲ್ಲಿ ನಿಮಗೊಂದು ಎಚ್ಚರಿಕೆ. ನೀವು ನಟ್ಟು ಬಿಗಿಯುವ ಕೈಯವರು. ಇದು ಹಿಟ್ಟು ನಾದುವ ಕೆಲಸವಲ್ಲ. ಸೇರಿತು ಎನ್ನಿಸಿದ ಕೂಡಲೇ ಕೈ ತೆಗೆಯಿರಿ. ಟಿನ್ನಿನಲ್ಲಿ ಹಾಕುವಾಗಲೂ ಒತ್ತಿ ತುಂಬಬೇಡಿ, ಇದ್ದ ಹಾಗೆ ಕೂರಿಸಿ. ಮೇಲೆ ಟೊಮ್ಯಾಟೊ ಸಾಸಿಗೆ ಒಂದು ಚಮಚ ಸಕ್ಕರೆ ಬೆರೆಸಿ ಸವರಿ. ಮಧ್ಯಮ ಉರಿಯ ಓವನ್ನಿನಲ್ಲಿ ಒಂದು ಗಂಟೆ ಇಟ್ಟರೆ ಸಾಕು. ನಡುನಡುವೆ ಬಾಗಿಲು ತೆಗೆದು ಇಣುಕಬಾರದು.

ಇಷ್ಟನ್ನೂ ಮಗಳು ಬರೆದುಕೊಂಡಿದ್ದಾಳೆ. ನನ್ನ ಪಾಲಿಗೂ ಇದು ಇಷ್ಟೇ ಆಗಿತ್ತು. ಇಷ್ಟನ್ನೇ ಮಾಡುತ್ತಿದ್ದೆ, ಚೆನ್ನಾಗಿ ಬರುತ್ತಿತ್ತು. ಕತ್ತರಿಸಿದರೆ ತುಂಡು ತುಂಡಾಗಿ ನಿಲ್ಲುತ್ತಿತ್ತು, ಬಾಯಲ್ಲಿಟ್ಟರೆ ಕರಗುತ್ತಿತ್ತು. ಆಕಾರ ನೋಡಿ ಮಗಳು ಚಿಕ್ಕವಳಿದ್ದಾಗ ಇಟ್ಟಿಗೆ ಎಂದು ಹೆಸರಿಟ್ಟಿದ್ದಳು. ಇವತ್ತು ಇಟ್ಟಿಗೆನಾ ಅಂತ ಕೇಳಿಕೊಂಡೇ ಭಾನುವಾರ ಹಾಸಿಗೆಯಿಂದ ಏಳುತ್ತಿದ್ದಳು.

ಆ ಭಾನುವಾರಗಳು ಹೇಗಿದ್ದವು ನೆನಪಿದೆಯೇ? ಹೊಲಿಗೆ ಯಂತ್ರವನ್ನು ಕಿಟಕಿಯ ಕಡೆಗೆ ತಳ್ಳಿ ಊಟದ ಮೇಜಿಗೆ ಜಾಗ ಮಾಡುತ್ತಿದ್ದೆ. ಗಿರಾಕಿಗಳ ಕೋಟು, ಪ್ಯಾಂಟುಗಳೆಲ್ಲ ಮಂಚದ ಮೇಲೆ ಹೋಗುತ್ತಿದ್ದವು. ಮಗಳು ತಟ್ಟೆ ಜೋಡಿಸುತ್ತಿದ್ದಳು. ನೀವು ಸ್ನಾನ ಮಾಡಿ, ಒಗೆದ ಶರ್ಟು ಹಾಕಿಕೊಂಡು, ಚಾಕು ಮಸೆಯುತ್ತ ಕೂರುತ್ತಿದ್ದಿರಿ. ನಾನು ಓವನ್ನಿನ ಬಾಗಿಲು ತೆಗೆಯುವುದಕ್ಕೂ ಫೋನು ಬಡಿದುಕೊಳ್ಳುವುದಕ್ಕೂ ಸರಿಹೋಗುತ್ತಿತ್ತು. ಎಲ್ಲೋ ಯಾರೋ ಲಿಫ್ಟಿನಲ್ಲಿ ಸಿಕ್ಕಿಬಿದ್ದಿದ್ದಾರೆ. ನೀವು ಒಗೆದ ಶರ್ಟಿನ ಮೇಲೇ ಎಣ್ಣೆ ಜಿಡ್ಡಿನ ಕೋಟು ಏರಿಸಿ, ಚೀಲ ಎತ್ತಿಕೊಂಡು, ಈಗ್ ಬಂದೆ ಎಂದು ಹೊರಟರೆ ಮುಗಿಯಿತು. ನಾನು ಮೀಟ್‌ಲೋಫಿನ ಮೇಲೆ ದೊಡ್ಡ ಬಾಣಲೆ ಕವುಚಿ, ಅದರ ಮೇಲೆ ಇಸ್ತ್ರಿಯ ದಪ್ಪ ಬಟ್ಟೆ ಹೊದಿಸಿ, ಮುಖ ಊದಿಸಿಕೊಂಡು ಕೂರುತ್ತಿದ್ದೆ. ಮಗಳು ಬಟ್ಟೆಯ ತುದಿ ಎತ್ತಿದರೆ ಅವಳ ಕೈಗೆ ಒಂದು ಪೆಟ್ಟು ಬೀಳುತ್ತಿತ್ತು. ಅಪ್ಪ ಬರೋವರೆಗೂ ಮುಟ್ಟೋ ಹಾಗಿಲ್ಲ ಎಂದು ಗದರುತ್ತಿದ್ದೆ. ಅವಳಿಗಿಂತ ನನ್ನ ಹೊಟ್ಟೆಯೇ ಹೆಚ್ಚು ಚುರುಗುಡುತ್ತಿತ್ತು.

ನೀವು ಬಂದ ಮೇಲೆ ಊಟಕ್ಕಿಂತ ಮೊದಲು ಕಥೆ. ಒಮ್ಮೆ ಜಗಳವಾಡುತ್ತ ಲಿಫ್ಟು ಹತ್ತಿದ ಅಣ್ಣತಮ್ಮಂದಿರು ಹೊರಗೆ ಬರುವಾಗ ಒಬ್ಬರ ಕೈ ಒಬ್ಬರು ಹಿಡಿದಿದ್ದರಂತೆ. ಒಮ್ಮೆ ಒಬ್ಬ ವಕೀಲರು ಒಳಗಿಂದಲೇ ನಿಮ್ಮ ಮೇಲೆ ಕೇಸು ಹಾಕುತ್ತೇನೆಂದು ಕೂಗಾಡಿ, ಬಾಗಿಲು ತೆರೆದೊಡನೆ ನಿಮ್ಮ ಭುಜದ ಮೇಲೆ ತಲೆಯಿಟ್ಟು ಅತ್ತರಂತೆ. ನೀವು ಹೇಳುತ್ತ ಕತ್ತರಿಸುತ್ತಿದ್ದಿರಿ, ಮಗಳು ಬಾಯಿ ತೆರೆದು ಕೇಳುತ್ತಿದ್ದಳು, ನಾನು ಮಾತ್ರ ಬಿಗಿದುಕೊಂಡ ಮುಖವನ್ನು ಸಡಿಲಿಸದೆ ಬಡಿಸುತ್ತಿದ್ದೆ. ಮೊದಲ ತುತ್ತಿಗೆ ನಿಮ್ಮ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಅದನ್ನು ನೋಡಲೆಂದೇ ಎದುರಿಗೆ ಕೂರುತ್ತಿದ್ದೆ. ಇದನ್ನು ನಿಮಗೆ ಯಾವತ್ತೂ ಹೇಳಿಲ್ಲ.

ಆಮೇಲೆ ನೀವು ನಿವೃತ್ತರಾದಿರಿ. ಮೊದಲ ಭಾನುವಾರ ಎಷ್ಟು ಸಂಭ್ರಮ ನನಗೆ. ಫೋನು ಬಡಿಯಲಿಲ್ಲ. ಓವನ್ನಿನಿಂದ ತೆಗೆದ ಕೂಡಲೇ ಮೇಜಿಗೆ ತಂದೆ, ಹೊಗೆಯಾಡುತ್ತಿರುವಾಗಲೇ ನೀವು ಚಾಕು ಹಾಕಿದಿರಿ. ರಸವೆಲ್ಲ ಹಲಗೆಯ ಮೇಲೆ ಹರಿದು ಮೇಜಿನ ಬಟ್ಟೆ ಒದ್ದೆಯಾಯಿತು, ತುಂಡು ಪುಡಿಪುಡಿಯಾಯಿತು. ಒಂದು ತುತ್ತು ತಿಂದು, ಮೊದಲಿನ ಹಾಗಿಲ್ವಲ್ಲ ಅಂದಿರಿ. ಬೈಯಲಿಲ್ಲ. ಆದರೆ ಆ ಮಾತು ನನ್ನೊಳಗೆ ಮುರಿದ ಸೂಜಿಯ ಹಾಗೆ ಉಳಿದುಬಿಟ್ಟಿತು.

ಮುಂದಿನ ವಾರ ಹಾಲು ಜಾಸ್ತಿ ಹಾಕಿದೆ, ಗೊಜ್ಜಿನ ಹಾಗಾಯಿತು. ಮೊಟ್ಟೆ ಜಾಸ್ತಿ ಹಾಕಿದೆ, ರಬ್ಬರಾಯಿತು. ಸೇತುವೆಯ ಕೆಳಗಿನವನು ಹಳೆಯ ಮಾಂಸ ಕೊಡುತ್ತಿದ್ದಾನೆಂದು ಅವನ ಜೊತೆ ಜಗಳವಾಡಿ ಬಂದೆ, ಪಾಪ. ನೀವು ಸುಮ್ಮನಿರುವ ಪೈಕಿಯೇ? ಓವನ್ನಿನ ಹಿಂಭಾಗ ಬಿಚ್ಚಿ ತಂತಿಗಳನ್ನೆಲ್ಲ ಹಳೆಯ ಪೇಪರಿನ ಮೇಲೆ ಹರಡಿಕೊಂಡು ಕೂತಿರಿ. ಎಲ್ಲಾ ಸರಿಯಾಗೇ ಇದೆ, ಇದರಲ್ಲೇನೂ ದೋಷ ಇಲ್ಲ ಅಂದಿರಿ. ಹಾಗಾದರೆ ದೋಷ ನನ್ನ ಕೈಯಲ್ಲಿ ಎಂದು ಅರ್ಥವಾಯಿತು ನನಗೆ. ಇಟ್ಟಿಗೆ ಮಾಡುವುದನ್ನೇ ಬಿಟ್ಟೆ.

ಅಲ್ಲಿಂದ ಯಾವುದೂ ಸರಿಹೋಗಲಿಲ್ಲ. ಹಗಲು ಹೊತ್ತು ಮನೆಯಲ್ಲಿ ಇಬ್ಬರೇ ಇದ್ದು ನಮಗೆ ಅಭ್ಯಾಸವಿರಲಿಲ್ಲ. ನೀವು ನನ್ನ ಕತ್ತರಿಗಳ ಖಾನೆ ಜೋಡಿಸಿಟ್ಟಿರಿ, ನನಗೆ ಒಂದೂ ಕೈಗೆ ಸಿಗುತ್ತಿರಲಿಲ್ಲ. ಹೊಲಿಗೆ ಯಂತ್ರಕ್ಕೆ ನಿಮ್ಮ ಲಿಫ್ಟಿನ ಎಣ್ಣೆ ಬಿಟ್ಟಿರಿ, ಗಿರಾಕಿಯ ಬಿಳಿ ಕೋಟಿನ ಬೆನ್ನಿಗೆ ಕಲೆಯಾಯಿತು. ಅವತ್ತು ನಾನು ಅಂದದ್ದು ನಿಮಗೂ ನೆನಪಿದೆ, ನನಗೂ ನೆನಪಿದೆ, ಮತ್ತೆ ಬರೆಯುವುದಿಲ್ಲ. ನೀವು ಚೀಲ ತೆಗೆದುಕೊಂಡು ಅಕ್ಕನ ಮನೆಗೆ ಹೋದಿರಿ. ನಾಲ್ಕು ದಿನಕ್ಕೆ ಬರುತ್ತೀರಿ ಅಂದುಕೊಂಡೆ. ಎರಡು ಚಳಿಗಾಲ ಕಳೆಯಿತು.

ಈಗ ಕಳೆದ ಭಾನುವಾರದ ಸುದ್ದಿ. ಮಗಳು ಕಾಗದ ಪೆನ್ನು ಹಿಡಿದು ಎದುರಿಗೆ ಕೂತಳು, ನಾನು ಎಷ್ಟೋ ಕಾಲದ ಮೇಲೆ ಕೈಮಾ ಕಲಸಿದೆ. ಓವನ್ನಿನಿಂದ ತೆಗೆದು ಹಲಗೆಯ ಮೇಲೆ ಇಟ್ಟಿದ್ದೆ ಅಷ್ಟೆ, ಹೊರಗಿನಿಂದ ಯಾರೋ ಬಾಗಿಲು ಬಡಿಯುವ ಸದ್ದು. ಹೋಗಿ ನೋಡಿದರೆ ನಮ್ಮ ಲಿಫ್ಟು ನಮ್ಮ ಮಹಡಿಗೂ ಕೆಳಗಿನ ಮಹಡಿಗೂ ನಡುವೆ ನಿಂತಿದೆ. ಒಳಗೆ ಮೇಲಿನ ಮನೆಗೆ ಹೊಸದಾಗಿ ಬಂದ ಟೀಚರ್. ಉಸಿರು ಕಟ್ತಾ ಇದೆ, ನಾನು ಸತ್ತೋಗ್ತೀನಿ ಅಂತ ಅಳುತ್ತಿದ್ದಾಳೆ. ಮಗಳು ಕಂಪನಿಗೆ ಫೋನು ಮಾಡಿದಳು. ಬರ್ತೀವಿ, ತಡ ಆಗುತ್ತೆ ಅಂದರಂತೆ. ನಾನು ಒಳಗೆ ಓಡಿ ಮೀಟ್‌ಲೋಫಿನ ಮೇಲೆ ಬಾಣಲೆ ಕವುಚಿ ಬಂದೆ. ಯೋಚನೆ ಮಾಡಿ ಮಾಡಿದ್ದಲ್ಲ, ಕೈ ತಾನೇ ಮಾಡಿತು.

ಆಮೇಲೆ ಲಿಫ್ಟಿನ ಬಾಗಿಲ ಮುಂದೆ ನೆಲದ ಮೇಲೆ ಕೂತೆ. ಸಿಕ್ಕಿಬಿದ್ದವರ ಜೊತೆ ಮಾತು ನಿಲ್ಲಿಸಬಾರದು, ರಿಪೇರಿಗಿಂತ ಅದೇ ಮುಖ್ಯ ಎಂದು ನೀವು ಹೇಳುತ್ತಿದ್ದದ್ದು ನೆನಪಾಯಿತು. ಏನು ಮಾತಾಡಲಿ? ಅವಳ ಹೆಸರೂ ಸರಿಯಾಗಿ ಗೊತ್ತಿಲ್ಲ. ಒಳ್ಳೇ ವಾಸನೆ ಬರ್ತಿದೆ, ಏನ್ ಮಾಡಿದೀರಿ ಎಂದು ಅಳುವಿನ ಮಧ್ಯೆ ಅವಳೇ ಕೇಳಿದಳು. ಸರಿ, ಇಟ್ಟಿಗೆ ಮಾಡುವುದನ್ನು ಮೊದಲಿನಿಂದ ಹೇಳಲು ಕೂತೆ. ಕೊಬ್ಬು, ಹಾಲು, ಬ್ರೆಡ್ಡು, ಗಾಜಿನಂಥ ಈರುಳ್ಳಿ. ಅವಳ ಅಳು ನಿಂತಿತು. ಪಾಠ ಹೇಳಿಸಿಕೊಳ್ಳುವವಳ ಹಾಗೆ ಪ್ರಶ್ನೆ ಕೇಳತೊಡಗಿದಳು. ಎಷ್ಟು ಉಪ್ಪು, ಎಷ್ಟು ಹೊತ್ತು. ಕೊನೆಗೆ, ಓವನ್ನಿಂದ ತೆಗೆದ ಮೇಲೆ ಏನ್ ಮಾಡ್ತೀರಿ ಅಂದಳು.

ಆಮೇಲೆ ನಮ್ಮ ಮನೆಯವರು ಬರೋ ತನಕ ಮುಚ್ಚಿಡ್ತೀನಿ ಅಂದೆ.

ಟೀಚರ್ ಒಳಗಿಂದ ಹಲೋ, ಇದೀರಾ ಅಂತ ಎರಡು ಸಲ ಕೂಗಿದಳು. ಮಗಳು ನನ್ನ ಮುಖ ನೋಡಿದಳು. ನಾನು ಅಡುಗೆಮನೆಯ ಕಡೆ ನೋಡಿದೆ.

ಮೆಕ್ಯಾನಿಕ್ಕು ಬಂದು ಬಾಗಿಲು ತೆರೆಯುವ ಹೊತ್ತಿಗೆ ನನ್ನ ಮಂಡಿ ಹಿಡಿದುಕೊಂಡಿತ್ತು. ಟೀಚರನ್ನೂ ಮನೆಗೆ ಕರೆದುಕೊಂಡು ಬಂದೆವು. ಬಾಣಲೆ ಎತ್ತಿ ಚಾಕು ಹಾಕಿದೆ. ಒಂದು ಹನಿ ರಸವೂ ಹಲಗೆಗೆ ಬೀಳಲಿಲ್ಲ, ತುಂಡು ಹಾಗೇ ಎದ್ದು ಬಂತು. ಮಗಳು ತುತ್ತು ಬಾಯಲ್ಲಿಟ್ಟುಕೊಂಡು, ಅಪ್ಪ ಕೆಲಸಕ್ಕೆ ಹೋಗ್ತಿದ್ದಾಗ ಮಾಡ್ತಿದ್ಯಲ್ಲ ಅದೇ ಅಮ್ಮಾ ಇದು ಅಂದಳು. ನಾನು ನೀರು ತರುವ ನೆಪದಲ್ಲಿ ಒಳಗೆ ಹೋದೆ.

ಅರ್ಥವಾಯಿತಲ್ಲ? ಬಿಸಿಯಲ್ಲಿ ಕತ್ತರಿಸಿದರೆ ರಸವೆಲ್ಲ ಹರಿದುಹೋಗುತ್ತದೆ. ಸ್ವಲ್ಪ ಹೊತ್ತು ಮುಚ್ಚಿ ಬಿಟ್ಟರೆ ಅದು ಒಳಗೇ ಇಂಗಿ ನಿಲ್ಲುತ್ತದೆ. ಇಷ್ಟು ವರ್ಷ ಅದನ್ನು ಹದಕ್ಕೆ ತಂದದ್ದು ನನ್ನ ಹಾಲೂ ಅಲ್ಲ, ಬೆಣ್ಣೆಯೂ ಅಲ್ಲ. ನೀವು ತಡವಾಗಿ ಬರುತ್ತಿದ್ದದ್ದು. ಯಾವುದಕ್ಕೆ ನಾನು ಪ್ರತಿ ವಾರ ಮೈ ಪರಚಿಕೊಳ್ಳುತ್ತಿದ್ದೆನೋ ಅದೇ. ನೀವು ಬಿಚ್ಚಿ ನೋಡಿದ ಓವನ್ನೂ ಸರಿಯಾಗಿತ್ತು, ನನ್ನ ಕೈಯೂ ಸರಿಯಾಗಿತ್ತು. ಇದು ಇಬ್ಬರಿಗೂ ಹೊಳೆಯಲಿಲ್ಲ. ದೊಡ್ಡ ಮೆಕ್ಯಾನಿಕ್ಕು ಅನ್ನಿಸಿಕೊಂಡವರು, ನೀವಾದರೂ ಕಂಡುಹಿಡಿಯಬಹುದಿತ್ತು.

ಆದ್ದರಿಂದ ಮಗಳ ಕಾಗದದ ಕೊನೆಯಲ್ಲಿ ಇದನ್ನು ಸೇರಿಸಿಕೊಳ್ಳಿ: ತೆಗೆದ ಮೇಲೆ ಮುಚ್ಚಿಟ್ಟು ಕಾಯಬೇಕು. ಒಬ್ಬರೇ ಇರುವ ಮನೆಯಲ್ಲಿ ಯಾರಿಗಾಗಿ ಕಾಯುತ್ತೀರೋ ನನಗೆ ಗೊತ್ತಿಲ್ಲ, ಗಡಿಯಾರ ನೋಡಿಕೊಂಡು ಕಾಯಬೇಕಾಗುತ್ತದೆ. ನಾನೂ ಮಾಡಿ ನೋಡಿದೆ. ಮಂಗಳವಾರ ಒಬ್ಬಳೇ ಇದ್ದಾಗ ಚಿಕ್ಕ ಟಿನ್ನಿನಲ್ಲಿ ಮಾಡಿ, ಗಡಿಯಾರ ನೋಡುತ್ತ ಕೂತೆ. ರುಚಿ ಸರಿಯಾಗೇ ಇತ್ತು. ಅರ್ಧಕ್ಕಿಂತ ಹೆಚ್ಚು ತಿನ್ನಲಾಗಲಿಲ್ಲ.

ಈ ಭಾನುವಾರವೂ ಮಾಡುತ್ತಿದ್ದೇನೆ, ದೊಡ್ಡ ಟಿನ್ನಿನಲ್ಲಿ. ಮಗಳು ಬರುವುದಿಲ್ಲ, ಅವಳಿಗೆ ಕೆಲಸವಿದೆಯಂತೆ.

ಇಂತಿ,
ನಿಮ್ಮ ಮಗಳ ತಾಯಿ

ವಿ.ಸೂ.: ನೀವು ಗೊತ್ತು ಮಾಡಿಕೊಂಡಿರುವ ಮನೆಯನ್ನು ನಿನ್ನೆ ನಾನೂ ಹೋಗಿ ನೋಡಿದೆ. ಬೆಳಕು ಚೆನ್ನಾಗಿದೆ, ಓವನ್ನೂ ಹೊಸದು. ಅಡುಗೆಮನೆ ಮಾತ್ರ ತೀರಾ ಇಕ್ಕಟ್ಟು, ಒಬ್ಬರು ಓವನ್ನಿನ ಬಾಗಿಲು ತೆಗೆದರೆ ಇನ್ನೊಬ್ಬರು ಹೊರಗೆ ಹೋಗಿ ನಿಲ್ಲಬೇಕು. ಒಬ್ಬರಿಗೆ ಧಾರಾಳ ಆಗುತ್ತಮ್ಮ ಎಂದ ದಲ್ಲಾಳಿ. ನಾವು ಇಬ್ಬರಿದ್ದೀವಿ, ನಮಗಿದು ಆಗೋದಿಲ್ಲ, ಸೋಮವಾರ ಅವರು ಸಹಿಗೆ ಬರೋದಿಲ್ಲ ಅಂತ ಹೇಳಿ ಬಂದುಬಿಟ್ಟೆ. ಅವನು ಬೇರೆಯವರಿಗೆ ತೋರಿಸುತ್ತಾನಂತೆ. ಬೈಯುವುದಿದ್ದರೆ ಭಾನುವಾರ ಊಟಕ್ಕೆ ಬಂದು ಬೈಯಿರಿ.